ಟೆರ್ರಿ ಪ್ರಾಚೆಟ್‌ನ ಮೊದಲ ಪುಸ್ತಕದಿಂದ ಕೊನೇ ಪುಸ್ತಕದವರೆಗೂ ಸಾಲಾಗಿ ಓದಿದ್ದು: ನನ್ನ ಅನುಭವ

ಇಂಗ್ಲಿಷ್ ಲೇಖಕ ಟೆರ್ರಿ ಪ್ರಾಚೆಟ್ ಬರೆದ ತಮಾಷೆಯ ಫ್ಯಾಂಟಸಿ ಸರಣಿ ಡಿಸ್ಕ್‌ವರ್ಲ್ಡ್ ಓದ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಯಾರನ್ನಾದ್ರೂ ಕೇಳಿ ನೋಡಿ, ತಕ್ಷಣ ಒಂದು ಚಾರ್ಟ್ ಮುಂದೆ ಇಡ್ತಾರೆ. ಕಾವಲು ಪಡೆಯ ಕತೆಗಳು ಒಂದು ಸಾಲು, ಮಾಟಗಾತಿಯರದ್ದು ಇನ್ನೊಂದು, ಸಾವು ಅನ್ನೋ ಪಾತ್ರದ್ದು ಮತ್ತೊಂದು, ಬಾಣದ ಗುರುತು ನೋಡ್ಕೊಂಡು ಹೋಗಿ ಅಂತ. ಮೊದಲ ಎರಡು ಪುಸ್ತಕ ಬಿಟ್ಬಿಡಿ, ಅವು ಅಷ್ಟು ಚೆನ್ನಾಗಿಲ್ಲ ಅಂತಾನೂ ಸೇರಿಸ್ತಾರೆ. ನಾನು ಆ ದಾರಿ ಹಿಡೀಲಿಲ್ಲ. ಪುಸ್ತಕ ಅಚ್ಚಾದ ವರ್ಷದ ಕ್ರಮದಲ್ಲೇ ಒಂದಾದ್ಮೇಲೆ ಒಂದು ಓದಿದೆ, ಡಿಸ್ಕ್‌ವರ್ಲ್ಡಿನ 41 ಕಾದಂಬರಿ, ಅದಕ್ಕೂ ಮುಂಚೆ ಬಂದ ಮೂರು, ಮಧ್ಯೆ ಮಧ್ಯೆ ಬಂದ ಮಕ್ಕಳ ಪುಸ್ತಕಗಳು, ಕೊನೇ ವರ್ಷಗಳಲ್ಲಿ ಸ್ಟೀಫನ್ ಬ್ಯಾಕ್ಸ್ಟರ್ ಜೊತೆ ಸೇರಿ ಬರೆದ ಲಾಂಗ್ ಅರ್ಥ್ ಸರಣಿ ಎಲ್ಲಾ ಸೇರಿಸಿ. ಹೀಗೆ ಓದಿದ್ರೆ ಒಬ್ಬ ಬರಹಗಾರ ಕಣ್ಮುಂದೆ ಬೆಳೆಯೋದು ಕಾಣತ್ತೆ, ಚಾರ್ಟ್ ಹಿಡ್ಕೊಂಡು ಓದಿದ್ರೆ ಅದೊಂದು ಕಾಣಲ್ಲ, ಅದಕ್ಕೇ ಹೇಗೆ ಓದಿದೆ ಅಂತ ಬರೀತಿದೀನಿ.

ಮಾಡಿದ್ದು ಸರಳ. ಒಂದು ನೋಟ್‌ಬುಕ್ ಇಟ್ಕೊಂಡೆ, ಒಂದೊಂದು ಪುಸ್ತಕಕ್ಕೆ ಎದುರುಬದುರು ಎರಡು ಪುಟ. ಎಡಗಡೆ ಆ ವರ್ಷ ಪ್ರಾಚೆಟ್ ಎಲ್ಲಿದ್ರು, ಯಾವ ಕೆಲಸದಲ್ಲಿದ್ರು ಅನ್ನೋದು, ಬಲಗಡೆ ಹಿಂದಿನ ಪುಸ್ತಕಕ್ಕಿಂತ ಇದ್ರಲ್ಲಿ ಏನು ಬದಲಾಯ್ತು ಅನ್ನೋದು, ಅಷ್ಟೇ. ಅವರ ಸಹಾಯಕ ರಾಬ್ ವಿಲ್ಕಿನ್ಸ್ 2022ರಲ್ಲಿ ಜೀವನಚರಿತ್ರೆ ಹೊರತಂದ್ರಲ್ಲ, ಅದನ್ನ ಒಂದೇ ಸಲಕ್ಕೆ ಓದಲಿಲ್ಲ. ಕಾದಂಬರಿ ಯಾವ ವರ್ಷದಲ್ಲಿದ್ಯೋ ಜೀವನಚರಿತ್ರೇನೂ ಆ ವರ್ಷಕ್ಕೆ ನಿಲ್ಲಿಸ್ತಿದ್ದೆ, ಮುಂದಿನ ಕಾದಂಬರಿ ಮುಗಿದ್ಮೇಲೆ ಮತ್ತೆ ಒಂದಷ್ಟು ಪುಟ. ಇದು ತುಂಬಾ ಮುಖ್ಯ ಅನ್ಸತ್ತೆ ನಂಗೆ, ಯಾಕಂದ್ರೆ ಈ ಮನುಷ್ಯನ ಕತೆ ಕೊನೇಲಿ ಆಲ್‌ಝೈಮರ್ ಕಾಯಿಲೆಗೆ ಹೋಗಿ ಮುಟ್ಟತ್ತೆ ಅಂತ ಓದುಗರಿಗೆಲ್ಲಾ ಗೊತ್ತು, ಅದನ್ನ ತಲೇಲಿಟ್ಕೊಂಡು 1983ರ ಪುಸ್ತಕ ಓದಿದ್ರೆ ಅಲ್ಲಿ ಇಲ್ಲದ್ದೆಲ್ಲಾ ಕಾಣೋಕೆ ಶುರುವಾಗತ್ತೆ.

ಶುರು ಎಲ್ಲಿಂದ ಅಂದ್ರೆ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಕೌಂಟಿಯ ಬೀಕನ್ಸ್‌ಫೀಲ್ಡ್. 1948ರ ಏಪ್ರಿಲ್ 28ಕ್ಕೆ ಹುಟ್ಟಿದ್ದು, ಒಬ್ಬನೇ ಮಗ. ಶಾಲೇಲಿ ಮೇಷ್ಟ್ರು ಈ ಹುಡುಗ ಅಷ್ಟಕ್ಕಷ್ಟೇ ಅಂತ ಮೊದಲೇ ತೀರ್ಮಾನ ಮಾಡಿದ್ರು, ಆದ್ರೂ ಮುಂದೆ ಯಾವ ಶಾಲೆ ಅಂತ ತೀರ್ಮಾನ ಮಾಡೋ ಹನ್ನೊಂದನೇ ವಯಸ್ಸಿನ ಪರೀಕ್ಷೆ ಪಾಸಾಯ್ತು. ನಿಜವಾಗ್ಲೂ ಓದಿದ್ದು ಊರಿನ ಪಬ್ಲಿಕ್ ಲೈಬ್ರರಿಯಲ್ಲೇ ಅಂತ ಅವರು ಜೀವನಪೂರ್ತಿ ಹೇಳ್ಕೊಂಡು ಬಂದ್ರು, ಅಲ್ಲಿ ಶನಿವಾರ ಸಂಬಳ ಇಲ್ಲದೇ ಕೆಲಸ ಮಾಡ್ತಿದ್ರು, ಕೈಗೆ ಸಿಕ್ಕ ಪುಸ್ತಕ ಎಲ್ಲಾ ಓದೋರು. 1963ರಲ್ಲಿ, ಹದಿನೈದನೇ ವಯಸ್ಸಿಗೆ, ಸೈನ್ಸ್ ಫ್ಯಾಂಟಸಿ ಅನ್ನೋ ಪತ್ರಿಕೇಲಿ ಮೊದಲ ಕತೆ ಅಚ್ಚಾಯ್ತು. ಅದಕ್ಕೆ ಬಂದ 14 ಪೌಂಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟೈಪ್‌ರೈಟರ್ ತಗೊಂಡ್ರು. 1965ರಲ್ಲಿ ಶಾಲೆ ಬಿಟ್ಟು ಬಕ್ಸ್ ಫ್ರೀ ಪ್ರೆಸ್ ಪತ್ರಿಕೆ ಸೇರಿದ್ರು, ಕೆಲಸಕ್ಕೆ ಸೇರಿ ಮೂರು ಗಂಟೆ ಆಗೋದ್ರೊಳಗೆ ಮೊದಲ ಹೆಣ ನೋಡ್ದೆ ಅಂತ ಅವರೇ ಹೇಳಿದ್ದಾರೆ. ಅದೇ ಪತ್ರಿಕೇಲಿ ಅಂಕಲ್ ಜಿಮ್ ಅನ್ನೋ ಹೆಸರಲ್ಲಿ ಮಕ್ಕಳಿಗೆ ಕತೆ ಬರೀತಿದ್ರು. ಒಂದೇ ಮೇಜಿನ ಮೇಲೆ ಹೆಣದ ವರದಿ ಮತ್ತೆ ಮಕ್ಕಳ ಕತೆ! ಮುಂದೆ ಬರೋ ಎಲ್ಲಾ ಕಾದಂಬರಿಗಳ ಬೇರು ಇಲ್ಲೇ ಇದೆ ಅಂತ ನಾನು ಎಡಗಡೆ ಪುಟದಲ್ಲಿ ದಪ್ಪಕ್ಷರದಲ್ಲಿ ಬರ್ಕೊಂಡೆ.

ಮೊದಲ ಪುಸ್ತಕ ದ ಕಾರ್ಪೆಟ್ ಪೀಪಲ್. ಪುಸ್ತಕವೊಂದರ ಬಗ್ಗೆ ವರದಿ ಮಾಡೋಕೆ ಹೋದಾಗ ಪ್ರಕಾಶಕ ಕಾಲಿನ್ ಸ್ಮೈತ್ ಅವರ ಪಾಲುದಾರ ಪೀಟರ್ ಬ್ಯಾಂಡರ್ ವಾನ್ ಡ್ಯೂರೆನ್ ಪರಿಚಯ ಆಯ್ತು, ನಾನೂ ಒಂದು ಕಾದಂಬರಿ ಬರ್ದಿದೀನಿ ಅಂದ್ರು, 1971ರಲ್ಲಿ ಅದು ಅಚ್ಚಾಯ್ತು. ಕಾರ್ಪೆಟ್ಟಿನ ಎಳೆಗಳ ಮಧ್ಯೆ ಬದುಕೋ ಪುಟಾಣಿ ಜನಗಳ ಕತೆ ಇದು. ಈಗ ಸುಲಭವಾಗಿ ಸಿಗೋದು 1992ರಲ್ಲಿ ಅವರೇ ತಿದ್ದಿ ಬರೆದ ಆವೃತ್ತಿ, ಅದರ ಮುನ್ನುಡೀಲಿ ಈ ಪುಸ್ತಕಕ್ಕೆ ಇಬ್ಬರು ಲೇಖಕರು, ಇಬ್ಬರೂ ಒಬ್ಬನೇ ಮನುಷ್ಯ ಅನ್ನೋ ಮಾತಿದೆ. ಹದಿನೇಳರ ಹುಡುಗನೂ ನಲವತ್ಮೂರರ ಗಂಡಸೂ ಸೇರಿ ಬರೆದದ್ದು. ಆ ಹುಡುಗನಿಗೆ ಫ್ಯಾಂಟಸಿ ಅಂದ್ರೆ ಯುದ್ಧಗಳು, ರಾಜರುಗಳು ಇದ್ರೆ ಸಾಕಿತ್ತು, ಆ ಗಂಡಸಿಗೆ ಯುದ್ಧ ತಪ್ಪಿಸೋದು, ರಾಜರೇ ಇಲ್ಲದೇ ನಡಿಯೋದು ಮುಖ್ಯ. ನಾನು ಇದನ್ನ ಮೊದಲಿಗೇ ಒಂದು ಸಲ, ಆಮೇಲೆ 1992ಕ್ಕೆ ಬಂದಾಗ ಇನ್ನೊಂದು ಸಲ ಓದಿದೆ. ನೀವೂ ಹಾಗೇ ಮಾಡಿ, ಎರಡನೇ ಸಲ ಓದುವಾಗ ತಿದ್ದಿದ ಕೈ ಎಲ್ಲೆಲ್ಲಿ ಓಡಾಡಿದೆ ಅಂತ ಗೊತ್ತಾಗೋಕೆ ಶುರುವಾಗತ್ತೆ.

1976ರ ದ ಡಾರ್ಕ್ ಸೈಡ್ ಆಫ್ ದ ಸನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆದ್ರೆ 1981ರ ಸ್ಟ್ರಾಟಾ ಖಂಡಿತಾ ಬಿಡ್ಬೇಡಿ. ಪಕ್ಕಾ ಸೈನ್ಸ್ ಫಿಕ್ಷನ್, ಗ್ರಹಗಳನ್ನ ತಯಾರು ಮಾಡೋ ಒಂದು ಕಂಪನಿ, ಅಲ್ಲಿನ ಕೆಲಸಗಾರರು ತಮಾಷೆಗೆ ಕಲ್ಲಿನ ಪದರಗಳೊಳಗೆ ಇರಬಾರದ್ದನ್ನೆಲ್ಲಾ ಹೂತಿಡ್ತಾರೆ. ಕಿನ್ ಅರಾದ್ ಅನ್ನೋ ನಾಯಕಿ ಹೋಗಿ ಒಂದು ಚಪ್ಪಟೆ ಭೂಮಿಗೆ ಬೀಳ್ತಾಳೆ. ಹೌದು, ಚಪ್ಪಟೆ ಭೂಮಿ! ಎರಡೇ ವರ್ಷಕ್ಕೆ ಡಿಸ್ಕ್‌ವರ್ಲ್ಡ್ ಹುಟ್ಟತ್ತೆ, ಇಲ್ಲಿ ಎಂಜಿನಿಯರಿಂಗ್ ಆಗಿದ್ದದ್ದು ಅಲ್ಲಿ ತಟ್ಟೆಯಂಥ ಲೋಕಾನ ಹೊತ್ತಿರೋ ಆಮೆ ಮತ್ತು ನಾಲ್ಕು ಆನೆ ಆಗತ್ತೆ.

1983ರ ದ ಕಲರ್ ಆಫ್ ಮ್ಯಾಜಿಕ್ ಬ್ರಿಟನ್ನಿನಲ್ಲಿ ಹೊರಬಂದಾಗ ಹಾರ್ಡ್‌ಬ್ಯಾಕ್ ಇದ್ದದ್ದು 506 ಪ್ರತಿ. ಆಗ ಪ್ರಾಚೆಟ್ ವಿದ್ಯುತ್ ಮಂಡಳೀಲಿ ಪ್ರೆಸ್ ಆಫೀಸರ್, ಅಣುವಿದ್ಯುತ್ ಸ್ಥಾವರಗಳ ಬಗ್ಗೆ ಪತ್ರಕರ್ತರು ಕೇಳೋದಕ್ಕೆಲ್ಲಾ ಉತ್ತರ ಕೊಡೋ ಕೆಲಸ. ರಾತ್ರಿ ಮನೆಗೆ ಬಂದು ದಿನಕ್ಕೆ 400 ಪದ ಬರೀತಿದ್ರು, ಒಂದು ಕಾದಂಬರಿ ಮುಗಿದು ಆ ದಿನದ ಲೆಕ್ಕ ಇನ್ನೂ ಬಾಕಿ ಇದ್ರೆ ಹೊಸ ಹಾಳೆ ಹಾಕ್ಕೊಂಡು ಮುಂದಿನದ್ದು ಶುರು ಮಾಡೋರು. ಬಿಬಿಸಿ ರೇಡಿಯೋದಲ್ಲಿ ವುಮನ್ಸ್ ಅವರ್ ಕಾರ್ಯಕ್ರಮದಲ್ಲಿ ಧಾರಾವಾಹಿಯಾಗಿ ಓದಿದ್ಮೇಲೆ ಹೆಸರು ಹಬ್ಬಿತು, 1987ರಲ್ಲಿ ಕೆಲಸ ಬಿಟ್ರು. 90ರ ದಶಕದಲ್ಲಂತೂ ವರ್ಷಕ್ಕೆ ಎರಡೆರಡು ಪುಸ್ತಕ. ಇಷ್ಟೊಂದು ಬರೆಯೋರು ಬೇಕಾಬಿಟ್ಟಿ ಬರೀತಾರೆ ಅನ್ನೋ ಮಾತನ್ನ ನಾನು ಒಪ್ಪಲ್ಲ, ಸಾಲಾಗಿ ಓದಿ ನೋಡಿ, ದಿನಾ ಬರೆದದ್ದಕ್ಕೇ ಕೈ ಪಳಗಿದ್ದು.

ಸಾವನ್ನೇ ತಗೊಳ್ಳಿ. ಅಂದ್ರೆ ಪಾತ್ರ, ಕಪ್ಪು ನಿಲುವಂಗಿ ಹಾಕ್ಕೊಂಡಿರೋ ಎಲುಬುಗೂಡು, ಅವನ ಮಾತೆಲ್ಲಾ ಉದ್ಧರಣ ಚಿಹ್ನೆ ಇಲ್ಲದೇ ಚಿಕ್ಕ ಗಾತ್ರದ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ ಅಚ್ಚಾಗಿರತ್ತೆ. ಡಿಸ್ಕ್‌ವರ್ಲ್ಡಿನ ಮೊದಲ ಪುಸ್ತಕದಲ್ಲಿ ಅವನು ರಿನ್ಸ್‌ವಿಂಡ್ ಅನ್ನೋ ಕೈಲಾಗದ ಮಾಂತ್ರಿಕನ್ನ ಪೇಟೇಲಿ ನೋಡಿ ನಿನ್ನನ್ನ ಇವತ್ತು ರಾತ್ರಿ ಬೇರೆ ಊರಲ್ಲಿ ನೋಡ್ಬೇಕಿತ್ತಲ್ಲ ಅಂತ ಕಿರಿಕಿರಿ ಮಾಡ್ಕೋತಾನೆ, ಸ್ವಲ್ಪ ಕೆಟ್ಟವನೇ. ನಾಲ್ಕನೇ ಪುಸ್ತಕ ಮಾರ್ಟ್‌ಗೆ ಬರೋ ಹೊತ್ತಿಗೆ ಒಬ್ಬ ಹುಡುಗನ್ನ ಕೆಲಸ ಕಲಿಯೋಕೆ ಇಟ್ಕೊಂಡು ತಾನು ಹೋಟೆಲೊಂದ್ರಲ್ಲಿ ಅಡಿಗೆ ಮಾಡೋಕೆ ನಿಂತ್ಕೋತಾನೆ, ಬೆಕ್ಕು ಅಂದ್ರೆ ಪ್ರಾಣ. 1991ರ ರೀಪರ್ ಮ್ಯಾನ್‌ನಲ್ಲಿ ಅವನನ್ನ ಕೆಲಸದಿಂದ ತೆಗೆದು ಅವನಿಗೂ ಒಂದು ಆಯಸ್ಸು ಕೊಡ್ತಾರೆ, ಆಗ ಬಿಲ್ ಡೋರ್ ಅಂತ ಹೆಸರಿಟ್ಕೊಂಡು ಮಿಸ್ ಫ್ಲಿಟ್‌ವರ್ತ್ ಅನ್ನೋ ವಯಸ್ಸಾದ ಹೆಂಗಸಿನ ಹೊಲಕ್ಕೆ ಆಳಾಗಿ ಸೇರ್ಕೋತಾನೆ. ಅಲ್ಲಿ ಅವನು ಕೊಯ್ಯೋ ರೀತಿ ನೋಡಿ, ಒಂದೊಂದೇ ಎಸಳು, ಹಿಡಿ ಹಿಡಿಯಾಗಿ ಅಲ್ಲ, ಒಂದೊಂದೇ ಎಸಳು ಬೇರೆ ಬೇರೆಯಾಗಿ, ಆದ್ರೂ ಹೊಲದಲ್ಲಿ ಎಲ್ರಿಗಿಂತ ಮುಂದೆ. ಕೊನೇಲಿ ತನಗಿಂತ ದೊಡ್ಡವನ ಮುಂದೆ ನಿಂತು, ಕೊಯ್ಯೋನಿಗೆ ಪೈರಿನ ಮೇಲೆ ಅಕ್ಕರೆ ಇಲ್ದಿದ್ರೆ ಪೈರಿಗೆ ಇನ್ಯಾರು ದಿಕ್ಕು ಅನ್ನೋ ಅರ್ಥದಲ್ಲಿ ಕೇಳ್ತಾನೆ. ಅದನ್ನ ಓದಿ ನಾನು ಪುಸ್ತಕ ಪಕ್ಕಕ್ಕಿಟ್ಟು ನೋಟ್‌ಬುಕ್ಕಲ್ಲಿ ಮೊದಲ ಪುಸ್ತಕದ ಪುಟ ತೆಗೆದೆ. ಅಲ್ಲಿ ಬರ್ಕೊಂಡಿದ್ದದ್ದು "ಸಾವು, ಸಿಡುಕ" ಅಂತ ಎರಡೇ ಪದ. ಎಂಟು ವರ್ಷದಲ್ಲಿ ಆ ಸಿಡುಕ ಇಲ್ಲಿವರೆಗೂ ನಡ್ಕೊಂಡು ಬಂದಿದ್ದ. ಮೊದಲೆರಡು ಪುಸ್ತಕ ಬಿಟ್ಬಿಡಿ ಅನ್ನೋರಿಗೆ ಈ ದೂರ ಕಾಣಲ್ಲ.

ಓದೋ ವಿಧಾನದ ಬಗ್ಗೆ ಎರಡು ಮಾತು. ಡಿಸ್ಕ್‌ವರ್ಲ್ಡಿನ ಹೆಚ್ಚಿನ ಕಾದಂಬರಿಗಳಲ್ಲಿ ಅಧ್ಯಾಯಗಳೇ ಇಲ್ಲ, ದೃಶ್ಯದಿಂದ ದೃಶ್ಯಕ್ಕೆ ಹೋಗ್ತಾನೇ ಇರತ್ತೆ, ಹಾಗಾಗಿ ಎಲ್ಲಿ ನಿಲ್ಲಿಸ್ಬೇಕು ಅಂತ ನೀವೇ ತೀರ್ಮಾನ ಮಾಡ್ಕೋಬೇಕು. ಅಡಿಟಿಪ್ಪಣಿ ಬಂದ ತಕ್ಷಣ ಓದ್ಬೇಕು, ಆಮೇಲೆ ನೋಡೋಣ ಅಂತ ಬಿಟ್ರೆ ನಗುವಿನ ಲಯ ತಪ್ಪತ್ತೆ. ಮಾತುಗಳು ನಾಲಿಗೆಗೆ ಹತ್ತದಿದ್ದಾಗ, ಇಂಗ್ಲಿಷ್ ಹಳ್ಳಿಯೋರ ಮಾತು ಬಂದಾಗ ಹೀಗಾಗತ್ತೆ, ನಾನು ಸ್ಟೀಫನ್ ಬ್ರಿಗ್ಸ್ ಓದಿರೋ ಆಡಿಯೋಬುಕ್ ಹಾಕ್ಕೊಂಡು ಪುಸ್ತಕಾನೂ ಕೈಲಿಟ್ಕೊಂಡು ಓದ್ತಿದ್ದೆ, ಅದರಿಂದ ತುಂಬಾ ಉಪಯೋಗ ಆಯ್ತು.

ಇನ್ನು ಸ್ಯಾಮ್ ವೈಮ್ಸ್. ಈ ಪಾತ್ರದ ಮೇಲೆ ನಂಗಿರೋ ಪ್ರೀತಿ ಮುಚ್ಚಿಡೋಕಾಗಲ್ಲ. 1989ರ ಗಾರ್ಡ್ಸ್ ಗಾರ್ಡ್ಸ್‌ನಲ್ಲಿ ಕುಡಿದು ಚರಂಡೀಲಿ ಬಿದ್ದಿರೋ ಪೊಲೀಸ್ ಕ್ಯಾಪ್ಟನ್. 1993ರ ಮೆನ್ ಅಟ್ ಆರ್ಮ್ಸ್‌ನಲ್ಲಿ ಅವನು ಬೂಟಿನ ಲೆಕ್ಕ ಹಾಕ್ತಾನೆ, ಸಂಬಳ ತಿಂಗಳಿಗೆ 38 ಡಾಲರ್, ಒಳ್ಳೆ ಚರ್ಮದ ಬೂಟಿಗೆ 50 ಡಾಲರ್, ಅದು ವರ್ಷಗಟ್ಲೆ ಬಾಳಿಕೆ ಬರತ್ತೆ, ಅಗ್ಗದ್ದಕ್ಕೆ 10 ಡಾಲರ್, ಒಂದೆರಡು ಮಳೆಗಾಲಕ್ಕೆ ಅಟ್ಟೆ ಹೋಗತ್ತೆ. ಹತ್ತು ವರ್ಷದಲ್ಲಿ ಬಡವ ಬೂಟಿಗೆ 100 ಡಾಲರ್ ಸುರೀತಾನೆ, ಆದ್ರೂ ಅವನ ಕಾಲು ಒದ್ದೆ. ಬಡತನ ಯಾಕೆ ದುಬಾರಿ ಅಂತ ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನ ನಾನು ಬೇರೆಲ್ಲೂ ಓದಿಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ ದಿನಸಿ ಬೆಲೆ ಏರಿಕೆ ಬಡವರಿಗೆ ಹೇಗೆ ತಟ್ಟತ್ತೆ ಅಂತ ಅಳೆಯೋಕೆ, ಬಡತನದ ಬಗ್ಗೆ ಬರೆಯೋ ಜ್ಯಾಕ್ ಮನ್ರೋ ಶುರು ಮಾಡಿದ ಸೂಚ್ಯಂಕಕ್ಕೆ ವೈಮ್ಸ್‌ನ ಬೂಟಿನ ಹೆಸರನ್ನೇ ಇಟ್ರು. ಅದೇ ವೈಮ್ಸ್ 2005ರ ಥಡ್ ಕಾದಂಬರೀಲಿ ದೊಡ್ಡ ಅಧಿಕಾರಿ, ಒಂದು ಮಗುವಿನ ತಂದೆ. ದಿನಾ ಸಂಜೆ ಆರಕ್ಕೆ ಎಲ್ಲಿದ್ರೂ ಮನೆಗೆ ಓಡಿ ಬಂದು ಮಗನಿಗೆ ಹಸು ಎಲ್ಲಿ ಅನ್ನೋ ಚಿತ್ರಪುಸ್ತಕ ಓದ್ಲೇಬೇಕು, ಒಂದು ದಿನ ತಪ್ಪಿಸಿದ್ರೆ ಇನ್ನೊಂದು ದಿನಾನೂ ತಪ್ಪಿಸಬಹುದು ಅನ್ನೋ ಭಯ ಅವನಿಗೆ. ಗುಹೆಯೊಳಗೆ ರಕ್ತ ಸುರಿಸ್ಕೊಂಡು, ಮೈಮೇಲೆ ಏನೋ ಬಂದಿರುವಾಗ್ಲೂ ಅವನು ಕಿರುಚೋದು ಆ ಹಸುವಿನ ಸಾಲುಗಳನ್ನೇ. ಹದಿನಾರು ವರ್ಷದ ಹಿಂದೆ ಚರಂಡೀಲಿದ್ದವನ್ನ ನೋಡಿ ಬಂದಿರೋರಿಗೆ ಆ ಜಾಗ ಎಷ್ಟು ತಾಗತ್ತೆ ಅಂತ ಹೇಳೋಕಾಗಲ್ಲ.

2007ರ ಡಿಸೆಂಬರಿನಲ್ಲಿ ತನಗೆ ಚಿಕ್ಕ ವಯಸ್ಸಿಗೇ ಆಲ್‌ಝೈಮರ್ ಬಂದಿದೆ ಅಂತ ಪ್ರಾಚೆಟ್ ಹೇಳ್ಕೊಂಡ್ರು, ಕಣ್ಣು ನೋಡಿದ್ದನ್ನ ಅರ್ಥ ಮಾಡ್ಕೊಳ್ಳೋ ಮಿದುಳಿನ ಹಿಂಭಾಗಕ್ಕೆ ತಗಲೋ ಅಪರೂಪದ ಬಗೆ. ಟೈಪ್ ಮಾಡೋದು ಕಷ್ಟ ಆಗ್ತಾ ಹೋಯ್ತು, ಆಮೇಲೆ ಬಾಯಲ್ಲೇ ಹೇಳಿ ಬರೆಸೋರು, ರಾಬ್ ಬರ್ಕೊಳ್ಳೋರು, ಇಲ್ಲಾ ಮಾತು ಕೇಳಿ ಅಕ್ಷರ ಮೂಡಿಸೋ ಸಾಫ್ಟ್‌ವೇರ್. ಈ ಮಧ್ಯೆ 2009ರಲ್ಲಿ ನೈಟ್ ಪದವಿ ಬಂತು, ನೈಟ್‌ಗೆ ಖಡ್ಗ ಬೇಕಲ್ಲ ಅಂತ ಹೊಲದಲ್ಲಿ ಕಬ್ಬಿಣದ ಅದಿರು ಅಗೆದು ತಂದು, ಉಲ್ಕೆಯ ಚೂರು ಸೇರಿಸಿ ಕರಗಿಸಿ ಖಡ್ಗ ಮಾಡಿಸ್ಕೊಂಡ್ರು! ಇಲ್ಲಿಂದ ಮುಂದಿನ ಪುಸ್ತಕಗಳನ್ನ ಓದೋಕೆ ಬೇರೆ ತಾಳ್ಮೆ ಬೇಕು. ವಾಕ್ಯಗಳು ಉದ್ದ ಆಗ್ತವೆ, ಪಾತ್ರಗಳು ಜಾಸ್ತಿ ಮಾತಾಡ್ತಾರೆ, 2013ರ ರೇಝಿಂಗ್ ಸ್ಟೀಮ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗತ್ತೆ. ಅಲ್ಲಿ ನಾನು ಒಂದೇ ಬಾರಿಗೆ ಜಾಸ್ತಿ ಓದದೇ ನಿಧಾನಕ್ಕೆ ಓದಿದೆ, ಯಾರೋ ಎದುರು ಕೂತು ಹೇಳ್ತಿದ್ದಾರೆ ಅನ್ಕೊಂಡು ಕೇಳಿಸ್ಕೊಂಡ್ರೆ ಆ ಪುಸ್ತಕ ತೆರ್ಕೊಳ್ಳತ್ತೆ. ಆದ್ರೆ 2008ರ ನೇಷನ್ ಮಾತ್ರ ಯಾವ ರಿಯಾಯಿತಿಯೂ ಬೇಡದ ಪುಸ್ತಕ, ಡಿಸ್ಕ್‌ವರ್ಲ್ಡ್ ಹೊರಗಿನದ್ದು, ಸುನಾಮಿಯಲ್ಲಿ ಎಲ್ಲರನ್ನೂ ಕಳ್ಕೊಂಡ ಒಬ್ಬ ಹುಡುಗನದ್ದು, ಒಂದೇ ಒಂದು ಓದ್ತೀನಿ ಅನ್ನೋರಿಗೆ ನಾನು ಕೊಡೋದು ಇದನ್ನೇ.

2015ರ ಮಾರ್ಚ್ 12ಕ್ಕೆ, 66ನೇ ವಯಸ್ಸಿಗೆ, ಬ್ರಾಡ್ ಚಾಕ್ ಹಳ್ಳಿಯ ಮನೇಲಿ ತೀರ್ಕೊಂಡ್ರು. ಕೊನೇ ಕಾದಂಬರಿ ದ ಶೆಪರ್ಡ್ಸ್ ಕ್ರೌನ್ ಆ ವರ್ಷವೇ ಬಂತು. ಓದದೇ ಇರೋರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ. ಶುರುವಿನಲ್ಲೇ ಮುದಿ ಮಾಟಗಾತಿ ಗ್ರ್ಯಾನಿ ವೆದರ್‌ವ್ಯಾಕ್ಸ್‌ಗೆ ತನ್ನ ಗಳಿಗೆ ಬಂತು ಅಂತ ಗೊತ್ತಾಗತ್ತೆ, ಅವಳು ಮಾಡೋದೇನು, ಮನೆಯೆಲ್ಲಾ ಉಜ್ಜಿ ತೊಳೀತಾಳೆ, ಕಕ್ಕಸನ್ನೂ ಬಿಡಲ್ಲ, ಮೈ ತೊಳ್ಕೊಂಡು ಹಾಸಿಗೆ ಮೇಲೆ ಮಲಗ್ತಾಳೆ. ಇಷ್ಟು ವರ್ಷ ಮನಸ್ಸನ್ನ ಪ್ರಾಣಿಗಳೊಳಗೆ ಕಳಿಸಿ ಹೆಣದ ಹಾಗೆ ಮಲಗಿರುವಾಗ ಎದೆ ಮೇಲೆ ಇಟ್ಕೊಳ್ತಿದ್ದ ನಾನು ಸತ್ತಿಲ್ಲ ಅನ್ನೋ ಚೀಟಿಗೆ ಬದಲಾಗಿ ಈ ಸಲ ಬಹುಶಃ ಸತ್ತಿದೀನಿ ಅಂತ ಇರತ್ತೆ. ಆಮೇಲೆ ಸಾವು ಬರ್ತಾನೆ, ಬಿಲ್ ಡೋರ್ ಆಗಿ ಒಂದೊಂದೇ ಎಸಳು ಕೊಯ್ದಿದ್ದ ಅದೇ ಸಾವು. ನಾನು ಅತ್ತೆ.

ಮುಗಿಯದೇ ಉಳಿದಿದ್ದ ಬರಹ ಯಾರ ಕೈಗೂ ಹೋಗಬಾರದು ಅನ್ನೋದು ಅವರ ಆಸೆ ಆಗಿತ್ತು, 2017ರ ಆಗಸ್ಟ್ 25ಕ್ಕೆ ಡಾರ್ಸೆಟ್ ಸ್ಟೀಮ್ ಫೇರ್‌ನಲ್ಲಿ ಅವರ ಹಾರ್ಡ್ ಡ್ರೈವ್ ಮೇಲೆ ಹಳೇ ಕಾಲದ ಸ್ಟೀಮ್ ರೋಲರ್ ಹರಿಸಿದ್ರು. ಅದು ಸರಿಯಾದ ಕೆಲಸ ಅಂತ ನನ್ನ ಅಭಿಪ್ರಾಯ, ಪ್ರತಿ ಪುಸ್ತಕಾನೂ ಮತ್ತೆ ಮತ್ತೆ ತಿದ್ದುತ್ತಿದ್ದ ಮನುಷ್ಯ, ಅವರು ತಿದ್ದದೇ ಬಿಟ್ಟಿದ್ದನ್ನ ಇನ್ನೊಬ್ಬರು ಯಾಕೆ ಅಚ್ಚು ಹಾಕ್ಬೇಕು. ಆದ್ರೆ ಒಂದು ಹೊಸ ಪುಸ್ತಕ ಆಮೇಲೂ ಬಂತು. ಪ್ಯಾಟ್ರಿಕ್ ಕರ್ನ್ಸ್ ಅನ್ನೋ ಹೆಸರಲ್ಲಿ ಪತ್ರಿಕೆಗೆ ಬರೆದು ಮರೆತುಹೋಗಿದ್ದ ಕತೆಗಳನ್ನ ಓದುಗರೇ ಹಳೇ ಸಂಚಿಕೆಗಳಿಂದ ಹುಡುಕಿ ತೆಗೆದ್ರು, 2023ರಲ್ಲಿ ಎ ಸ್ಟ್ರೋಕ್ ಆಫ್ ದ ಪೆನ್ ಅಂತ ಸಂಕಲನ ಆಯ್ತು. ಅಚ್ಚಾದ ವರ್ಷ ನೋಡಿದ್ರೆ ಅದು ಪಟ್ಟಿಯ ಕೊನೇಲಿ ಬರ್ಬೇಕು, ಆದ್ರೆ ಬರೆದದ್ದು ಡಿಸ್ಕ್‌ವರ್ಲ್ಡಿಗೂ ಮುಂಚಿನ ಕೈ. ನಾನು ಅದಕ್ಕೆ ನೋಟ್‌ಬುಕ್ಕಲ್ಲಿ ಕಾರ್ಪೆಟ್ ಪೀಪಲ್ ಆದ್ಮೇಲೆ ಒಂದು ಹಾಳೆ ಅಂಟಿಸ್ಕೊಂಡೆ. ಹೊಸದಾಗಿ ಶುರು ಮಾಡೋರು ಅಲ್ಲೇ ಓದ್ಕೊಳ್ಳಿ, ಸ್ಟ್ರಾಟಾ ಕೈಗೆತ್ಕೊಳ್ಳೋಕೆ ಮುಂಚೆ.