ಇಸ್ಪೀಟು ರಾಜನ ಮಡಿಚಿದ ಮೂಲೆ

ಆಟ ಶುರುವಾಗಿ ಎರಡು ಗಂಟೆಯಾಗಿತ್ತು. ಮೇಜಿನ ನಡುವೆ ಉಳಿದಿದ್ದದ್ದು ಹತ್ತೋ ಹನ್ನೆರಡೋ ಎಲೆ. ತಲೆ ಬಾಗಿಸಿ ರಾಶಿಯನ್ನು ಪಕ್ಕದಿಂದ ನೋಡಿದ ಚಿಕ್ಕಮ್ಮನ ಮಗ ‘ಅಲ್ಲಿದ್ದಾನೆ’ ಎಂದ. ಮೇಲಿನಿಂದ ನಾಲ್ಕನೆಯ ಎಲೆಯ ಮೂಲೆ ತುಸು ಮಡಿಚಿತ್ತು. ಮನೆಯ ಆ ಹಳೆಯ ಕಟ್ಟಿನಲ್ಲಿ ಮೂಲೆ ಮಡಿಚಿದ್ದ ಎಲೆ ಒಂದೇ ಒಂದು, ಇಸ್ಪೀಟು ರಾಜ. ಅವನು ಬಂದರೆ ನಾವು ಆಡುತ್ತಿದ್ದ ಕಥೆಯಲ್ಲಿ ಗುಡ್ಡ ಕುಸಿಯುತ್ತದೆ, ಆಟ ಮುಗಿಯುತ್ತದೆ. ಗುಟ್ಟು ಬಯಲಾಯಿತು, ಆಟ ಕೆಟ್ಟಿತು ಎಂದುಕೊಂಡು ಕ್ಷಮೆ ಕೇಳಲು ಬಾಯಿ ತೆರೆದೆ. ಯಾರೂ ನನ್ನ ಕಡೆ ನೋಡಲಿಲ್ಲ. ಐವರ ಕಣ್ಣೂ ಆ ಮೂಲೆಯ ಮೇಲೆ. ಮುಂದಿನ ಮೂರು ಎಲೆ ಎತ್ತುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಎಂದರೇನು ಎಂದು ಕೇಳಿದ ಕರಾವಳಿಯವರಿಗೆ ನಾನು ತಾಳಮದ್ದಳೆಯ ಹೆಸರು ಹೇಳುತ್ತೇನೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಪಾತ್ರವಾಗಿ ಮಾತನಾಡುವುದು, ಮಾತು ಆ ಕ್ಷಣದ್ದು. ಭಾಗವತರ ಜಾಗದಲ್ಲಿ ಕಥೆ ನಡೆಸುವವನೊಬ್ಬ ಇರುತ್ತಾನೆ. ವ್ಯತ್ಯಾಸ ಒಂದೇ: ತಾಳಮದ್ದಳೆಯಲ್ಲಿ ಕರ್ಣ ಸಾಯುತ್ತಾನೆಂದು ಮೊದಲೇ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ತೀರ್ಮಾನಿಸಲು ದಾಳವೋ ಎಲೆಯೋ ಬೇಕು.

ನಾನು ಕಟ್ಟಿದ ಕಥೆ ಶಿರಾಡಿ ಘಾಟಿಯದು. ಮಳೆಗಾಲದ ರಾತ್ರಿ, ಮಂಗಳೂರಿಗೆ ಹೊರಟ ಬಸ್ಸು. ದೋಣಿಗಾಲ್ ದಾಟಿದ ಮೇಲೆ ಮುಂದೆಯೂ ಹಿಂದೆಯೂ ಮಣ್ಣು ಬಿದ್ದು ನಡುವೆ ಸಿಕ್ಕಿಕೊಂಡಿದೆ. ತಲೆಯ ಮೇಲಿನ ಗುಡ್ಡ ಇನ್ನೂ ಗಟ್ಟಿಯಾಗಿ ನಿಂತಿಲ್ಲ. ಗೆಲ್ಲಬೇಕಾದ ಶತ್ರು ಇಲ್ಲಿ ಯಾರೂ ಇಲ್ಲ, ಕಾಯುವುದೇ ಕಥೆ. ಇಂಥ ಕಥೆಗೆ ದಾಳ ಒಗ್ಗಲಿಲ್ಲ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬೀಳುವ ಸಾಧ್ಯತೆ ಮೊದಲ ಸಲವೂ ನೂರಕ್ಕೆ 5, ನೂರನೆಯ ಸಲವೂ ನೂರಕ್ಕೆ 5. ದಾಳಕ್ಕೆ ನೆನಪಿಲ್ಲ. ಇಸ್ಪೀಟಿನ ಕಟ್ಟು ಹಾಗಲ್ಲ, ಹೋದ ಎಲೆ ಹೋಯಿತು. 16 ಎಲೆಗಳಲ್ಲಿ ರಾಜ ಒಬ್ಬನಿದ್ದರೆ ಮೊದಲ ಎಲೆಗೆ ನೂರಕ್ಕೆ ಆರರ ಭಯ. ಅವನು ಬಾರದೆ ನಾಲ್ಕೇ ಎಲೆ ಉಳಿದರೆ 25. ಈ ಲೆಕ್ಕವನ್ನು ಆಟಗಾರರಿಗೆ ವಿವರಿಸಬೇಕಾಗಿಲ್ಲ. ರಾಶಿ ತೆಳುವಾಗುವುದು ಕಣ್ಣಿಗೇ ಕಾಣುತ್ತದೆ.

ಎಲೆಗಳನ್ನು ತಂದದ್ದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಕ್ಯಾಸಲ್ ಫಾಲ್ಕನ್‌ಸ್ಟೈನ್ ಎಂಬ ಇಂಥದೇ ಆಟ 1994ರಲ್ಲೇ ದಾಳ ಬಿಟ್ಟು ಇಸ್ಪೀಟು ಹಿಡಿದಿತ್ತು; 1996ರ ಡೆಡ್‌ಲ್ಯಾಂಡ್ಸ್‌ನಲ್ಲಿ ಮಂತ್ರ ಹಾಕುವವನು ಪೋಕರ್ ಆಟದಲ್ಲಿನಂತೆ ಎಲೆಗಳನ್ನು ಹೊಂದಿಸಿ ಕೈ ಕೂಡಿಸಬೇಕು. ನಾನು ನೇರವಾಗಿ ಎತ್ತಿಕೊಂಡದ್ದು 2013ರ ದಿ ಕ್ವಯಟ್ ಇಯರ್ ಆಟದಿಂದ. ಅದರಲ್ಲಿ 52 ಎಲೆ ಎಂದರೆ ವರ್ಷದ 52 ವಾರ, ಆಟೀನು, ಡೈಮನ್, ಕಳಾವರ, ಇಸ್ಪೀಟು ಎಂಬ ಒಂದೊಂದು ಜಾತಿಗೆ ಒಂದೊಂದು ಋತು. ಚಳಿಗಾಲದ ಇಸ್ಪೀಟಿನಲ್ಲಿ ರಾಜ ಬಂದ ಕೂಡಲೇ ಆಟ ಮುಗಿಯಿತು. ರಾಜನನ್ನು ನಾನು ಸಂತೋಷದಿಂದ ಮನೆಗೆ ಕರೆತಂದೆ. ಆದರೆ ಅಲ್ಲಿ ಅವನನ್ನು ಕೊನೆಯ 13 ಎಲೆಗಳೊಳಗೆ ಕೂಡಿಹಾಕಿದ್ದ ಬೇಲಿಯನ್ನು ಅಲ್ಲೇ ಬಿಟ್ಟು ಬಂದೆ.

ಅದರ ಫಲ ಮೊದಲ ರಾತ್ರಿಯೇ ಸಿಕ್ಕಿತು. ಇಡೀ ಕಟ್ಟನ್ನು ಕಲಸಿ ಇಟ್ಟಿದ್ದೆ. ಅಪಾಯದ ಕೆಲಸಕ್ಕೆ ಕೈಹಾಕುವವರು ಒಂದು ಎಲೆ ಎತ್ತಬೇಕು. ಕೆಂಪಾದರೆ ಕೆಲಸ ಆಗುತ್ತದೆ, ಕಪ್ಪಾದರೆ ಕೆಡುತ್ತದೆ. ಆರನೆಯ ಎಲೆಗೇ ರಾಜ ಬಂದ. ಪ್ರಯಾಣಿಕರು ಪರಸ್ಪರ ಹೆಸರು ಕೇಳಿಕೊಳ್ಳುವ ಮೊದಲೇ ಬಸ್ಸು ಮಣ್ಣಡಿ ಸೇರಿತು. ಒಲೆಯ ಮೇಲೆ ಚಹಾ ಇನ್ನೂ ಕುದಿದಿರಲಿಲ್ಲ. ಮುಂದಿನ ವಾರ ಅದೇ ರಾಜ ಬಹುತೇಕ ತಳದಲ್ಲಿ ಕುಳಿತಿದ್ದ. ರಾತ್ರಿ ಒಂದರ ಹೊತ್ತಿಗೆ ಎಲ್ಲರೂ ಆಕಳಿಸುತ್ತ, ಗುಡ್ಡ ಬೇಗ ಬಿದ್ದರೆ ಸಾಕು ಎನ್ನುವ ಸ್ಥಿತಿಗೆ ಬಂದಿದ್ದರು. 52ರಲ್ಲಿ ಒಂದು ಎಲೆ ಮೊದಲ ಹತ್ತರೊಳಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಐದರಲ್ಲಿ ಒಂದು. ಐದು ಸಂಜೆಗೆ ಒಂದು ಸಂಜೆ ಹಾಳು ಎಂದರೆ ಅದು ನಿಯಮದ ದೋಷ, ಅದೃಷ್ಟದ್ದಲ್ಲ.

ಚಿತ್ರದ ಎಲೆಗಳನ್ನೆಲ್ಲ ತೆಗೆದೆ, 40 ಉಳಿದವು. ಅವುಗಳಲ್ಲಿ 15ಕ್ಕೆ ರಾಜನನ್ನು ಸೇರಿಸಿ ಕಲಸಿ ಕೆಳಗಿಟ್ಟು, ಮೇಲೆ 25 ಹೇರಿದೆ. ಬೇಲಿ ಬಂತು, ಆದರೆ ಮೇಲಿನ 25 ಎಲೆಗಳಲ್ಲಿ ಯಾರಿಗೂ ಹೆದರಿಕೆಯೇ ಇಲ್ಲ! ಆಗ ಸೇರಿಸಿದ ಎರಡು ನಿಯಮಗಳು ಇವತ್ತಿಗೂ ಉಳಿದಿವೆ. ಪ್ರತಿ ದೃಶ್ಯದ ಆರಂಭದಲ್ಲಿ ಕಥೆ ನಡೆಸುವ ನಾನು ಒಂದು ಎಲೆ ಎತ್ತಿ ಪಕ್ಕಕ್ಕೆ ಹಾಕುತ್ತೇನೆ. ಅದು ಮಳೆಯ ಎಲೆ. ಸುಮ್ಮನೆ ಕುಳಿತವರಿಗೂ ಹೊತ್ತು ಓಡುತ್ತದೆ. ಇನ್ನೊಂದು, ಕಪ್ಪು ಬಂದವರು ಬೇಕಿದ್ದರೆ ಎರಡನೆಯ ಎಲೆ ಎತ್ತಿ ಹಣೆಬರಹ ಬದಲಿಸಿಕೊಳ್ಳಬಹುದು. ಗೆದ್ದರೆ ಗೆಲುವು ಅವರೊಬ್ಬರದು, ತೆಳುವಾಗುವ ರಾಶಿ ಎಲ್ಲರದು.

ಈ ಎರಡನೆಯ ಎಲೆ ಮಾಡಿದ ಕೆಲಸವನ್ನು ನನ್ನ ಯಾವ ವರ್ಣನೆಯೂ ಮಾಡಿರಲಿಲ್ಲ. ಗೆಳೆಯನೊಬ್ಬ ಅಡಿಕೆ ವ್ಯಾಪಾರಿಯ ಪಾತ್ರದಲ್ಲಿದ್ದ. ಬಸ್ಸಿನ ಚಾವಣಿಯ ಮೇಲಿದ್ದ ಸೂಟ್‌ಕೇಸ್ ಇಳಿಸಲು ಹೋದ. ಕಪ್ಪು ಬಂತು. ಕೈ ಮತ್ತೆ ರಾಶಿಯ ಕಡೆ ಹೋಯಿತು. ‘ಒಂದು ಪೆಟ್ಟಿಗೆಗಾಗಿ ನಮ್ಮ ಎಲೆ ಮುಟ್ಟಬೇಡಿ’ ಎಂದು ಪಕ್ಕದ ಮನೆಯ ಹುಡುಗಿ ನಿಜವಾದ ಸಿಟ್ಟಿನಲ್ಲೇ ಹೇಳಿದಳು. ‘ನಮ್ಮ ಎಲೆ’ ಎಂಬ ಮಾತು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಅವನು ಎತ್ತಿಯೇ ಎತ್ತಿದ. ಕೆಂಪು ಬಂತು, ಸೂಟ್‌ಕೇಸ್ ಸಿಕ್ಕಿತು. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ.

ಆಟವನ್ನು ಒಡೆದವರು ಚಿಕ್ಕಮ್ಮ. ಅವರು ರಮ್ಮಿಯಲ್ಲಿ ಪಳಗಿದ ಕೈ, ಬಿಸಾಕಿದ ಎಲೆಯನ್ನು ಮರೆಯುವವರಲ್ಲ. ‘ಕಪ್ಪು ಹದಿನಾಲ್ಕು ಹೋಯಿತು, ಇನ್ನು ಕೆಂಪೇ ಹೆಚ್ಚು, ಈಗ ಇಳಿದು ನೋಡಿ’ ಎಂದು ಉಳಿದವರಿಗೆ ಸಲಹೆ ಕೊಡುತ್ತ ಹೋದರು. 25 ಮುಗಿದ ಕ್ಷಣ ಕೈಕಟ್ಟಿ ಕುಳಿತು ‘ಇನ್ನು ಯಾರೂ ಏನೂ ಮಾಡುವುದು ಬೇಡ’ ಎಂದುಬಿಟ್ಟರು. ಲೆಕ್ಕ ಇಡಬಾರದು ಎಂದು ನಿಯಮ ಮಾಡಲಾದೀತೆ? ಇಸ್ಪೀಟು ಆಡುವವರಿಗೆ ಹಾಗೆಂದರೆ ಕಣ್ಣು ಮುಚ್ಚಿಕೊಂಡು ಊಟ ಮಾಡಿ ಎಂದಂತೆ. ಬದಲಿಗೆ, ಆಟಕ್ಕೆ ಮೊದಲು ಒಬ್ಬರು ಮೇಲಿನ 25ರಿಂದ ಎಣಿಸದೆ ಒಂದು ಚಿವುಟು ಎಲೆ ತೆಗೆದು, ಮುಖ ನೋಡದೆ ಡಬ್ಬಿಗೆ ಹಾಕುತ್ತಾರೆ. ಈಗ ಚಿಕ್ಕಮ್ಮನ ಲೆಕ್ಕ ಅಂದಾಜಿಗೆ ಸಾಲುತ್ತದೆ, ನಿಶ್ಚಯಕ್ಕೆ ಸಾಲದು. ಎಷ್ಟು ಹೋಯಿತೆಂದು ನನಗೂ ಗೊತ್ತಿರುವುದಿಲ್ಲ. ಅಡ್ಡಹಲಗೆಯ ಹಿಂದೆ ದಾಳ ಉರುಳಿಸಿ ಸುಳ್ಳು ಸಂಖ್ಯೆ ಹೇಳುವ ಹಳೆಯ ಚಾಳಿ ನನಗಿತ್ತು. ಮೇಜಿನ ನಡುವಿನ ರಾಶಿ ಅದನ್ನು ಬಿಡಿಸಿತು.

ಮಳೆಗಾಲದಲ್ಲಿ ಕಾಗದದ ಎಲೆ ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ. ತೇವಕ್ಕೆ ಎರಡೆರಡು ಅಂಟಿಕೊಂಡು ಬಂದು ಜಗಳವಾಗುತ್ತದೆ. ಪ್ಲಾಸ್ಟಿಕ್ಕಿನದು ವಾಸಿ.

ಹೊಸ ಕಟ್ಟು ಕೊಳ್ಳಲು ಹೊರಟಾಗಲೇ ಆ ಮಡಿಚಿದ ಮೂಲೆ ಮತ್ತೆ ನೆನಪಾಯಿತು. ಅಷ್ಟು ತಿಂಗಳು ನಾನು ರಾಜನನ್ನು ಅಡಗಿಸುವ ಉಪಾಯ ಹುಡುಕಿದ್ದೆ. ಎಲ್ಲರ ಉಸಿರು ನಿಂತದ್ದು ಮಾತ್ರ ಅವನು ಎಲ್ಲಿದ್ದಾನೆಂದು ಕಂಡ ರಾತ್ರಿ. ತಟ್ಟನೆ ಬರುವ ಕೇಡು ಒಂದು ಸಲ ಬೆಚ್ಚಿಬೀಳಿಸುತ್ತದೆ, ಅಷ್ಟೇ. ಬರುತ್ತಿರುವುದು ಕಾಣುತ್ತಿದ್ದರೆ, ಅದನ್ನು ಹತ್ತಿರ ಎಳೆಯುವ ಕೈ ತನ್ನದೇ ಆಗಿದ್ದರೆ, ಆಗ ಯಾರೂ ಕುರ್ಚಿಗೆ ಒರಗುವುದಿಲ್ಲ. ರಮ್ಮಿಗೆ ಎಂದು ಅಂಗಡಿಯಲ್ಲಿ ಜೋಡಿ ಕಟ್ಟು ಕೊಡುತ್ತಾರೆ, ಒಂದರ ಬೆನ್ನು ನೀಲಿ, ಇನ್ನೊಂದರದು ಕೆಂಪು. ನೀಲಿ ಬೆನ್ನಿನ 40 ಎಲೆಗಳೊಳಗೆ ಕೆಂಪು ಬೆನ್ನಿನ ಇಸ್ಪೀಟು ರಾಜನನ್ನು ಸೇರಿಸಿದೆ. ಅವನ ಮೇಲಿನ ಎಲೆ ಎತ್ತಿದ ಕೂಡಲೇ ಕೆಂಪು ಬೆನ್ನು ಕಾಣುತ್ತದೆ. ಆ ದೃಶ್ಯದಲ್ಲಿ ಯಾರು ಏನು ಮಾಡಹೊರಟರೂ ಗುಡ್ಡ ಬೀಳುತ್ತದೆ. ಯಾರೂ ಏನೂ ಮಾಡದಿದ್ದರೆ ಮುಂದಿನ ಮಳೆಯ ಎಲೆ ಅವನೇ.

ಹೀಗೆ ಮೊದಲು ಆಡಿದ ದಿನ ಕೆಂಪು ಬೆನ್ನು ಕಂಡಾಗ ಹೊರಗೂ ಮಳೆ ಹಿಡಿದಿತ್ತು. ಡ್ರೈವರನ ಪಾತ್ರದವನು ಹೆಡ್‌ಲೈಟ್ ಆರಿಸಿದೆ ಎಂದ. ಅಡಿಕೆ ವ್ಯಾಪಾರಿ ಸೂಟ್‌ಕೇಸನ್ನು ಕಾಲಡಿಗೆ ತಳ್ಳಿದ. ಚಿಕ್ಕಮ್ಮ ಮಗಳ ಬಾಣಂತನಕ್ಕೆ ಹೊರಟ ತಾಯಿ. ಆಟದುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದ ಅಂಟಿನುಂಡೆಯ ಡಬ್ಬಿಯನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದರ ಮುಚ್ಚಳ ತೆಗೆಯುತ್ತೇನೆ ಎಂದರು. ‘ಎಲ್ಲರೂ ಒಂದೊಂದು ತೆಗೆದುಕೊಳ್ಳಿ, ಬೆಳಗಿನಿಂದ ಯಾರೂ ಏನೂ ತಿಂದಿಲ್ಲ.’ ಇಲ್ಲದ ಉಂಡೆಯನ್ನು ಎಲ್ಲರೂ ಕೈಚಾಚಿ ತೆಗೆದುಕೊಂಡರು. ದೃಶ್ಯ ಮುಗಿಯಿತು. ಮಳೆಯ ಎಲೆ ಎತ್ತಬೇಕಾದವನು ನಾನು. ನನ್ನ ಕೈ ಮೇಜಿನ ಅಂಚಿನಲ್ಲೇ ಇತ್ತು.

‘ನೀನು ಬಿಡು, ನಾನೇ ಎತ್ತುತ್ತೇನೆ’ ಎಂದರು ಚಿಕ್ಕಮ್ಮ.