ರಿವಾಲ್ವರಿಗೆ ಪಿಸ್ತೂಲಿನ ಕಾಡತೂಸು: ತುಂಬುವ, ತೆಗೆಯುವ, ಪರೀಕ್ಷಿಸುವ ಕ್ರಮ

ಖಂಡೇನವಮಿಗೆ ಬೆಳಗಾವಿ ಜಿಲ್ಲೆಯ ಹಳೆಯ ವಾಡೆಗಳಲ್ಲಿ ಕತ್ತಿ, ಬಂದೂಕುಗಳನ್ನು ಹೊರತೆಗೆದು, ಎಣ್ಣೆ ಹಚ್ಚಿ ಒರೆಸಿ ಪೂಜೆಗೆ ಇಡುವುದು ರೂಢಿ. ಅವುಗಳ ಜತೆಗೆ ಪರವಾನಗಿಯ ರಿವಾಲ್ವರ್ ಒಂದಿದ್ದರೆ, ಮನೆಯ ಹುಡುಗರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದು: “ಕಾಕಾ, ಪಿಸ್ತೂಲಿನ ಕಾಡತೂಸು ಇದಕ್ಕೂ ನಡೀತೈತೇನ್ರಿ?” ಅದಕ್ಕೆಂದೇ ತಯಾರಾದ ರಿವಾಲ್ವರಿನಲ್ಲಿ ನಡೆಯುತ್ತದೆ, ಉಳಿದವುಗಳಲ್ಲಿ ನಡೆಸಲೇಬಾರದು. ಹೀಗೇಕೆ ಎಂಬುದು ಕಾಡತೂಸಿನ ಹಿಂಭಾಗವನ್ನು ನೋಡಿದರೆ ತಿಳಿಯುತ್ತದೆ.

ರಿವಾಲ್ವರಿಗೆಂದು ಮಾಡಿದ ಕಾಡತೂಸಿನ ಹಿತ್ತಾಳೆ ಕೊಳವೆಗೆ ಬುಡದಲ್ಲಿ ಹೊರಚಾಚಿದ ಅಂಚು ಇರುತ್ತದೆ. ಈ ಅಂಚು ಸಿಲಿಂಡರಿನ (ಕಾಡತೂಸು ಕೂರುವ ಕೋಣೆಗಳಿರುವ, ತಿರುಗುವ ಉರುಳೆಯ) ಬಾಯಿಗೆ ತಾಗಿ ನಿಲ್ಲುವುದರಿಂದ ಕಾಡತೂಸು ಒಳಗೆ ಜಾರುವುದಿಲ್ಲ, ಹ್ಯಾಮರಿನ ಪೆಟ್ಟು ಪ್ರೈಮರಿಗೆ (ಬುಡದಲ್ಲಿ ಕಿಡಿ ಹೊತ್ತಿಸುವ ಭಾಗಕ್ಕೆ) ಸರಿಯಾಗಿ ಬೀಳುತ್ತದೆ, ಹಾರಿಸಿದ ಮೇಲೆ ಖಾಲಿ ಕೊಳವೆಯನ್ನು ಹೊರತಳ್ಳಲು ಎಕ್ಸ್‌ಟ್ರ್ಯಾಕ್ಟರಿಗೆ ಹಿಡಿತವೂ ಸಿಗುತ್ತದೆ. ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಾದರೋ ಕಾಡತೂಸುಗಳು ಮ್ಯಾಗಜಿನ್ನಿನಲ್ಲಿ ಒಂದರ ಮೇಲೊಂದು ಕುಳಿತು ಸರಾಗವಾಗಿ ಮೇಲೇರಬೇಕಾದ ಕಾರಣ, 9 ಎಂಎಂ, .45 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್) ಮೊದಲಾದ ಕಾಡತೂಸುಗಳಲ್ಲಿ ಅಂಚನ್ನು ಕೊಳವೆಯ ಸುತ್ತಳತೆಗೇ ಇಳಿಸಿ, ಅದರ ಮೇಲೆ ಒಂದು ತೋಡು ಕೊರೆದಿರುತ್ತಾರೆ.

ಅಂಚಿಲ್ಲದ ಕಾಡತೂಸಿಗೆ ರಿವಾಲ್ವರಿನಲ್ಲಿ ಹಿಡಿತ ಸಿಗದ ಈ ತೊಡಕು ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಮೊದಲ ಮಹಾಯುದ್ಧದಲ್ಲಿ. 1917ರಲ್ಲಿ ಯುದ್ಧಕ್ಕೆ ಇಳಿದ ಅಮೆರಿಕದ ಸೇನೆಗೆ .45 ಎಸಿಪಿ ಬಳಸುವ ಎಂ1911 ಪಿಸ್ತೂಲುಗಳು ಸಾಕಾಗಲಿಲ್ಲ. ಕೋಲ್ಟ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಕಂಪನಿಗಳು ತಮ್ಮ ದೊಡ್ಡ ರಿವಾಲ್ವರ್‌ಗಳನ್ನು .45 ಎಸಿಪಿ ಕಾಡತೂಸಿಗೆ ಹೊಂದಿಸಿ ಎಂ1917 ಎಂಬ ಹೆಸರಿನಲ್ಲಿ ಒದಗಿಸಿದವು. ಮೂರು ಕಾಡತೂಸುಗಳನ್ನು ತೋಡಿನಲ್ಲಿ ಕಚ್ಚಿ ಹಿಡಿಯುವ ಅರ್ಧಚಂದ್ರಾಕಾರದ ತೆಳು ಉಕ್ಕಿನ ತಗಡು ಅವುಗಳ ಜತೆಗೇ ಬಂತು. ಇಲ್ಲದ ಅಂಚಿನ ಕೆಲಸವನ್ನು ಈ ತಗಡು ಮಾಡುತ್ತಿತ್ತು. ಆರನ್ನೂ ಒಟ್ಟಿಗೆ ಹಿಡಿಯುವ ಪೂರ್ಣಚಂದ್ರಾಕಾರದ ಕ್ಲಿಪ್ ಆಮೇಲೆ ಬಳಕೆಗೆ ಬಂತು. ಈಗ ಮೂನ್ ಕ್ಲಿಪ್ ಎಂದರೆ ಹೆಚ್ಚಾಗಿ ಅದೇ. ತಗಡಿನ ರಗಳೆಯೇ ಬೇಡ ಎನ್ನುವವರಿಗಾಗಿ 1920ರಲ್ಲಿ ಪೀಟರ್ಸ್ ಕಂಪನಿಯು ದಪ್ಪ ಅಂಚಿನ .45 ಆಟೊ ರಿಮ್ ಕಾಡತೂಸನ್ನು ಹೊರತಂದಿತು.

ಇಂತಹ ರಿವಾಲ್ವರನ್ನು ಬಳಸುವ ಕ್ರಮ ಹೀಗಿದೆ. ನಳಿಗೆಯ ಮೂತಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಸಿಲಿಂಡರ್ ತೆರೆದು ಎಲ್ಲ ಕೋಣೆಗಳೂ ಖಾಲಿ ಇವೆಯೇ ಎಂದು ಕಣ್ಣಾರೆ ನೋಡಬೇಕು. ಬಳಿಕ ನಳಿಗೆಯ ಮೇಲೆ ಕೊರೆದ ಕಾಡತೂಸಿನ ಪೂರ್ಣ ಹೆಸರನ್ನು ಓದಿ, ಪರವಾನಗಿ ಪುಸ್ತಕದಲ್ಲಿ ನಮೂದಾದದ್ದರೊಂದಿಗೆ ಮತ್ತು ಕಾಡತೂಸಿನ ಡಬ್ಬಿಯ ಮೇಲಿನ ಹೆಸರಿನೊಂದಿಗೆ ತಾಳೆ ನೋಡಬೇಕು. ಬರೀ ಅಂಕಿ ಹೊಂದಿದರೆ ಸಾಲದು.

ಮುಂದಿನದು ಕ್ಲಿಪ್ಪಿನ ಪರೀಕ್ಷೆ. ನನ್ನ ದೃಷ್ಟಿಯಲ್ಲಿ ಇಡೀ ಕ್ರಮದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದೇ, ಜನ ಅವಸರ ಮಾಡುವುದೂ ಇಲ್ಲಿಯೇ. ಖಾಲಿ ಕ್ಲಿಪ್ಪನ್ನು ಸಮತಟ್ಟಾದ ಗಾಜಿನ ಮೇಲಿಟ್ಟು, ಅಂಚನ್ನು ಉಗುರಿನಿಂದ ಒತ್ತಬೇಕು. ಎದುರಿನ ಬದಿ ಎದ್ದು ಟಕ್ ಎಂದರೆ ತಗಡು ಬಾಗಿದೆ ಎಂದರ್ಥ. ಅದನ್ನು ಬಡಿದು ನೆಟ್ಟಗೆ ಮಾಡಲು ಹೋಗದೆ ಎಸೆಯುವುದೇ ಲೇಸು. ಬಾಗಿದ ಕ್ಲಿಪ್ ಸಿಲಿಂಡರಿನ ಹಿಂದಿನ ಚೌಕಟ್ಟಿಗೆ ಉಜ್ಜಿ ತಿರುಗುವಿಕೆಯನ್ನು ಬಿಗಿ ಮಾಡುತ್ತದೆ, ಕೆಲವೊಮ್ಮೆ ಗುಂಡು ಹಾರುವುದೇ ಇಲ್ಲ. ತೋಡಿನ ಅಗಲವು ಕಾಡತೂಸಿನ ತಯಾರಕರಿಂದ ತಯಾರಕರಿಗೆ ತುಸು ಬದಲಾಗುವುದರಿಂದ, ಒಂದು ಕಂಪನಿಯ ಕಾಡತೂಸಿಗೆ ಸರಿಹೋದ ಕ್ಲಿಪ್ ಇನ್ನೊಂದಕ್ಕೆ ಸಡಿಲವಾಗಬಹುದು. ಕಾಡತೂಸುಗಳನ್ನು ತೋಡು ಕೂರುವಂತೆ ಒಂದೊಂದಾಗಿ ಒತ್ತಿ ಸೇರಿಸಿದ ಮೇಲೆ ಅವು ಕೂದಲೆಳೆಯಷ್ಟು ಅಲುಗಾಡಬೇಕು, ಜೋತುಬೀಳಬಾರದು.

ತುಂಬುವುದು ಸುಲಭ. ಕಾಡತೂಸುಗಳ ಮೂತಿಗಳನ್ನು ಕೋಣೆಗಳ ನೇರಕ್ಕೆ ಹಿಡಿದು ಬಿಟ್ಟರೆ ಇಡೀ ಗೊಂಚಲು ಒಮ್ಮೆಗೇ ಇಳಿಯುತ್ತದೆ. .45 ಎಸಿಪಿಯ ಕೊಳವೆ ಸುಮಾರು 23 ಮಿಲಿಮೀಟರ್, 9 ಎಂಎಂನದು 19 ಮಾತ್ರ. ಗಿಡ್ಡ ಕಾಡತೂಸು ಬೇಗ ಇಳಿಯುತ್ತದೆ, ಬೇಗ ಹೊರಬರುತ್ತದೆ. ಸ್ಪರ್ಧೆಗಳಲ್ಲಿ ಕ್ಲಿಪ್ಪಿಗೆ ಬೆಲೆ ಬಂದದ್ದು ಈ ವೇಗದಿಂದಲೇ: 1999ರಲ್ಲಿ ಜೆರ್ರಿ ಮಿಕ್ಯುಲೆಕ್ ಆರು ಕೋಣೆಯ .45 ರಿವಾಲ್ವರಿನಿಂದ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಲು ತೆಗೆದುಕೊಂಡ ಸಮಯ 2.99 ಸೆಕೆಂಡು. ಸಿಲಿಂಡರನ್ನು ಕೈಯಿಂದ ಮೆಲ್ಲಗೆ ಮುಚ್ಚಬೇಕು. ಸಿನಿಮಾದವರಂತೆ ಮಣಿಕಟ್ಟು ಝಾಡಿಸಿ ಮುಚ್ಚಿದರೆ ಅದನ್ನು ಹೊತ್ತ ತೋಳು ಬಾಗುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವುದಿದ್ದರೆ ಮದ್ದಿಲ್ಲದ ನಕಲಿ ಕಾಡತೂಸುಗಳಿಂದ ಮಾತ್ರ. ಜೀವಂತ ಕಾಡತೂಸು ಅಧಿಕೃತ ಶೂಟಿಂಗ್ ರೇಂಜಿನಲ್ಲಿಯೇ ಹೊರಬರಬೇಕು.

ತೆಗೆಯುವಾಗ ಮೂತಿಯನ್ನು ಮೇಲಕ್ಕೆತ್ತಿ ಎಜೆಕ್ಟರ್ ಕಡ್ಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಕ್ಲಿಪ್ಪಿನೊಂದಿಗೆ ಎಲ್ಲ ಕೊಳವೆಗಳೂ ಬೀಳುತ್ತವೆ. ಖಾಲಿ ಕೊಳವೆಗಳನ್ನು ಬೆರಳಿನಿಂದ ಕಿತ್ತರೆ ಉಗುರೂ ಹರಿಯುತ್ತದೆ, ತಗಡೂ ಬಾಗುತ್ತದೆ. ಕೊಳವೆಯೊಳಗೆ ಸೇರುವ ನಳಿಕೆಯಾಕಾರದ ಸಾಧನದಿಂದ ಒಂದೊಂದನ್ನೇ ತಿರುವಿ ಬಿಡಿಸಬೇಕು.

ಕ್ಲಿಪ್ ಬೇಡದ ಮಾದರಿಗಳೂ ಉಂಟು. ಸ್ಮಿತ್ ಆ್ಯಂಡ್ ವೆಸನ್ 1980ರಲ್ಲಿ ತಂದ ಮಾದರಿ 547, ಎಕ್ಸ್‌ಟ್ರ್ಯಾಕ್ಟರಿನಲ್ಲಿ ಅಡಗಿಸಿದ ಸ್ಪ್ರಿಂಗ್ ಬೆರಳುಗಳಿಂದ 9 ಎಂಎಂ ಕಾಡತೂಸಿನ ತೋಡನ್ನು ಹಿಡಿಯುತ್ತಿತ್ತು. ಜಾಣತನದ ಕೆಲಸವೇ ಸರಿ, ಆದರೆ ಸೂಕ್ಷ್ಮ ಭಾಗಗಳು ಹೆಚ್ಚು. ಹಗುರ ಚೌಕಟ್ಟಿನ 9 ಎಂಎಂ ರಿವಾಲ್ವರುಗಳಲ್ಲಿ ಇನ್ನೊಂದು ಎಚ್ಚರ ಬೇಕು: ಒದೆತಕ್ಕೆ ಉಳಿದ ಕಾಡತೂಸುಗಳ ಗುಂಡು ಕೊಳವೆಯಿಂದ ಮುಂದಕ್ಕೆ ಜಾರಿ, ಸಿಲಿಂಡರನ್ನು ಸಿಕ್ಕಿಸಿಬಿಡಬಹುದು. ನಮ್ಮ ದೇಶದಲ್ಲಂತೂ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ) ಆಗಿರುವುದರಿಂದ ಸಾಮಾನ್ಯ ಪರವಾನಗಿಗೆ ಅದು ಸಿಗುವುದಿಲ್ಲ.

ಬೆಳಗಾವಿಯ ಪರವಾನಗಿದಾರರಿಗೆ ನೇರವಾಗಿ ತಗಲುವ ವಿಷಯ .32ರದು. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ಬಳಸುವುದು ಅಂಚುಳ್ಳ, 23 ಮಿಲಿಮೀಟರ್ ಕೊಳವೆಯ .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್ ಕಾಡತೂಸನ್ನು. ‘ಅಶನಿ’ಯಂತಹ .32 ಪಿಸ್ತೂಲು ಬಳಸುವುದು 17 ಮಿಲಿಮೀಟರಿನ .32 ಎಸಿಪಿಯನ್ನು. ಮಾತಿನಲ್ಲಿ ಎರಡೂ “ಬತ್ತೀಸ್ ಬೋರ್”. ಎಸಿಪಿಗೆ ಕಿರಿದಾದ ಅಂಚು ಉಳಿದಿರುವುದರಿಂದ ಅದು .32 ಲಾಂಗಿನ ಎಷ್ಟೋ ರಿವಾಲ್ವರುಗಳ ಕೋಣೆಗೆ ಇಳಿದೇಬಿಡುತ್ತದೆ. ಇಳಿಯಿತೆಂದು ಹಾರಿಸುವುದು ಅಪಾಯ. ಅಮೆರಿಕದ ಕೈಗಾರಿಕಾ ಮಾನದಂಡದಂತೆ .32 ಲಾಂಗಿನ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡು, .32 ಎಸಿಪಿಯದು 20,500. ಕಾನ್ಪುರದ ಹಳೆಯ ಮಾದರಿಗಳಾದರೋ ನಡುವೆ ಮಡಚಿ ತೆರೆಯುವ ವೆಬ್ಲಿ ರೀತಿಯವು, ಒತ್ತಡವು ಮೇಲಿನ ಕೊಂಡಿಯ ಮೇಲೆ ಬೀಳುತ್ತದೆ. ಎರಡೂ ಆಯುಧ ಇರುವ ಮನೆಯಲ್ಲಿ ಕಾಡತೂಸುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ, ಬೀಗದೊಳಗೆ ಇಡಬೇಕು. ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಿದ ಆಯುಧವನ್ನು ಮರಳಿ ತಂದ ಮೇಲೂ ನಳಿಗೆಯ ಹೆಸರು, ಡಬ್ಬಿಯ ಹೆಸರು ಎರಡನ್ನೂ ಇನ್ನೊಮ್ಮೆ ತಾಳೆ ನೋಡಿಯೇ ಕಪಾಟಿಗೆ ಸೇರಿಸಬೇಕು.