ಯಾವ ಕಾನ್ಫರೆನ್ಸ್ ಗಟ್ಟಿ? ಕಾಲೇಜು ಫುಟ್‌ಬಾಲ್‌ನಲ್ಲಿ ಬಲಾಬಲ ಅಳೆಯುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಆಗಸ್ಟ್ ಕೊನೆಯಿಂದ ಜನವರಿವರೆಗೂ ಮುಗಿಯದ ವಾದ ಒಂದಿದೆ: ಎಸ್‌ಇಸಿ ದೊಡ್ಡದೋ, ಬಿಗ್ ಟೆನ್ ದೊಡ್ಡದೋ? ಇವೆರಡೂ ಕಾನ್ಫರೆನ್ಸ್‌ಗಳು, ಅಂದರೆ ತಮ್ಮತಮ್ಮಲ್ಲೇ ಹೆಚ್ಚು ಪಂದ್ಯ ಆಡುವ ಕಾಲೇಜು ತಂಡಗಳ ಕೂಟಗಳು. ಅಲ್ಲಿಗೆ ಓದಲು ಹೋದ ನಮ್ಮ ಮಕ್ಕಳೂ ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಯಾವುದೋ ಒಂದು ಪಕ್ಷ ಹಿಡಿದಿರುತ್ತಾರೆ. ಈ ಪ್ರಶ್ನೆಗೆ ಲೆಕ್ಕದಿಂದ ಉತ್ತರ ಹುಡುಕಬಹುದು. ಬೇಕಾದದ್ದು ಒಂದು ಎಕ್ಸೆಲ್ ಹಾಳೆ, ಆ ವರ್ಷದ ಎಲ್ಲ ಪಂದ್ಯಗಳ ಫಲಿತಾಂಶ ಮತ್ತು ಎರಡು ಗಂಟೆ ಬಿಡುವು.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ‘ಡಿವಿಷನ್’ ಎಂಬ ಮಾತಿಗೆ ಅಲ್ಲಿ ಎರಡು ಅರ್ಥ. ಒಂದು, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಮಾಡಿದ ದೊಡ್ಡ ವಿಂಗಡಣೆ: ಡಿವಿಷನ್ ಒಂದು, ಎರಡು, ಮೂರು. ಒಂದನೆಯದರೊಳಗೆ ಮತ್ತೆ ಎಫ್‌ಬಿಎಸ್ (ಮೇಲಿನದು), ಎಫ್‌ಸಿಎಸ್ (ಕೆಳಗಿನದು) ಎಂಬ ಎರಡು ಮೆಟ್ಟಿಲು. ಇನ್ನೊಂದು, ಒಂದೇ ಕಾನ್ಫರೆನ್ಸ್‌ನ ಒಳಗೆ ಪೂರ್ವ, ಪಶ್ಚಿಮ ಎಂದು ಮಾಡಿಕೊಂಡ ಪಾಲು. ಎಸ್‌ಇಸಿ 1992ರಿಂದ 2023ರವರೆಗೆ ಹೀಗೆ ಹಂಚಿಕೊಂಡಿತ್ತು. ಬಿಗ್ ಟೆನ್‌ನಲ್ಲಿ ಪೂರ್ವ–ಪಶ್ಚಿಮ ಇದ್ದದ್ದು 2014ರಿಂದ 2023ರವರೆಗೆ. ಅಳೆಯುವ ವಿಧಾನ ಎಲ್ಲಕ್ಕೂ ಒಂದೇ.

ಒಳಗಿನ ಪಂದ್ಯಗಳನ್ನು ಅಳಿಸಿ

ಬಹಳ ಜನ ಎಡವುವುದು ಇಲ್ಲೇ. 2024ರಲ್ಲಿ ಎಸ್‌ಇಸಿಯ 16 ತಂಡಗಳು ತಮ್ಮತಮ್ಮಲ್ಲಿ ತಲಾ 8 ಪಂದ್ಯ ಆಡಿದವು. ಅಂದರೆ 64 ಪಂದ್ಯ, 64 ಗೆಲುವು, 64 ಸೋಲು. ತಂಡಗಳು ಬಲಿಷ್ಠವಾಗಿದ್ದರೂ ಅಷ್ಟೇ, ದುರ್ಬಲವಾಗಿದ್ದರೂ ಅಷ್ಟೇ. ಅಣ್ಣನ ಜೇಬಿನ ದುಡ್ಡು ತಮ್ಮನ ಜೇಬಿಗೆ ಹೋದರೆ ಮನೆಯ ಆಸ್ತಿ ಬೆಳೆಯುವುದಿಲ್ಲವಲ್ಲ. ‘ನಮ್ಮಲ್ಲಿ ಯಾರು ಯಾರನ್ನಾದರೂ ಸೋಲಿಸಬಹುದು, ಅದಕ್ಕೇ ನಮ್ಮದು ಗಟ್ಟಿ’ ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ. ಎಲ್ಲರೂ ಸಮನಾಗಿ ಬಡವಾಗಿದ್ದರೂ ಹಾಗೇ ಆಗುತ್ತದೆ.

ಹಾಳೆಯಲ್ಲಿ ಉಳಿಸಬೇಕಾದದ್ದು ಹೊರಗಿನವರ ಜೊತೆ ಆಡಿದ ಪಂದ್ಯಗಳನ್ನು ಮಾತ್ರ. 12 ಪಂದ್ಯಗಳ ಲೀಗ್ ಹಂತದಲ್ಲಿ ಎಸ್‌ಇಸಿಗೆ ಆ ವರ್ಷ ತಂಡಕ್ಕೆ 4ರಂತೆ 64 ಸಿಕ್ಕವು. ಬಿಗ್ ಟೆನ್‌ನ 18 ತಂಡಗಳು ಒಳಗೆ 9 ಆಡಿದ್ದರಿಂದ ತಂಡಕ್ಕೆ 3ರಂತೆ 54. ಒಟ್ಟು ಗೆಲುವಿನ ಶೇಕಡಾವಾರು ಹೋಲಿಸುವವರು ಈ ವ್ಯತ್ಯಾಸ ಮರೆಯುತ್ತಾರೆ. ಒಳಗಿನ ಪಂದ್ಯ ಒಂದು ಹೆಚ್ಚಾದರೆ 18 ತಂಡಗಳ ಕೂಟಕ್ಕೆ 9 ಸೋಲು ಖಾತ್ರಿಯಾಗಿ ಸೇರುತ್ತದೆ.

ಉಳಿದವುಗಳಲ್ಲಿ ಎಫ್‌ಸಿಎಸ್ ತಂಡಗಳ ಜೊತೆಗಿನ ಪಂದ್ಯಗಳನ್ನೂ ಬೇರೆ ಕಾಲಂಗೆ ಸರಿಸಿ. 2024ರವರೆಗೆ ಎಫ್‌ಬಿಎಸ್ ತಂಡವೊಂದು 85 ವಿದ್ಯಾರ್ಥಿವೇತನ ಕೊಡಬಹುದಿತ್ತು, ಎಫ್‌ಸಿಎಸ್ ತಂಡ 63 ಮಾತ್ರ. 22 ಆಟಗಾರರ ಈ ಅಂತರ ಮೂರನೇ ಕ್ವಾರ್ಟರ್‌ನಲ್ಲಿ, ದಣಿದವರ ಜಾಗಕ್ಕೆ ಬದಲಿ ಆಟಗಾರರು ಇಳಿಯುವ ಹೊತ್ತಿಗೆ, ಕಣ್ಣಿಗೆ ಕಾಣುತ್ತದೆ. ಹಾಗೆಂದು ಒಂದು ಅಚ್ಚರಿಯ ಫಲಿತಾಂಶ ಹಿಡಿದುಕೊಂಡು ಕೂಗಾಡಬೇಡಿ. 2007ರ ಸೆಪ್ಟೆಂಬರ್ 1ರಂದು ಆ್ಯಪಲಾಚಿಯನ್ ಸ್ಟೇಟ್ ತಂಡ ಆ್ಯನ್ ಆರ್ಬರ್‌ನಲ್ಲಿ, ಲಕ್ಷಕ್ಕೂ ಮೀರಿದ ಪ್ರೇಕ್ಷಕರೆದುರು, 5ನೇ ರ‍್ಯಾಂಕಿನ ಮಿಷಿಗನ್ ತಂಡವನ್ನು 34–32ರಿಂದ ಸೋಲಿಸಿತು. ಅದು ಆ ತಂಡದ ಹಿರಿಮೆ. ಎಫ್‌ಸಿಎಸ್ ಬಿಗ್ ಟೆನ್‌ಗೆ ಸಮ ಎಂಬುದಕ್ಕೆ ಪುರಾವೆಯಲ್ಲ.

ಅಂತರ, ಅಂಗಳ, ಮಿತಿ

ಗೆಲುವು–ಸೋಲಿಗಿಂತ ಅಂಕಗಳ ಅಂತರ ಹೆಚ್ಚು ಹೇಳುತ್ತದೆ. ಗೆದ್ದರೆ ಪ್ಲಸ್, ಸೋತರೆ ಮೈನಸ್ ಎಂದು ಬರೆದುಕೊಳ್ಳಿ. ತವರು ಅಂಗಳದಲ್ಲಿ ಆಡಿದ ತಂಡದ ಅಂತರದಿಂದ 2.5 ಅಥವಾ 3 ಅಂಕ ಕಳೆಯಿರಿ, ಹೊರಗೆ ಆಡಿದ್ದರೆ ಕೂಡಿಸಿ. ದೊಡ್ಡ ಕಾನ್ಫರೆನ್ಸ್‌ನವರು ಸಣ್ಣ ತಂಡಗಳನ್ನು ದುಡ್ಡು ಕೊಟ್ಟು ತಮ್ಮ ಅಂಗಳಕ್ಕೇ ಕರೆಸಿಕೊಳ್ಳುವುದರಿಂದ ಈ ತಿದ್ದುಪಡಿ ಬಿಟ್ಟರೆ ಅವರ ಲೆಕ್ಕ ಉಬ್ಬುತ್ತದೆ. ಆಮೇಲೆ 28 ಅಂಕಕ್ಕೆ, ಎಂದರೆ ನಾಲ್ಕು ಟಚ್‌ಡೌನ್‌ಗೆ, ಮಿತಿ ಹಾಕಿ. ಅಲ್ಲಿಂದಾಚೆಗೆ ಆಡುವುದು ಬಹುಪಾಲು ಬೆಂಚಿನ ಹುಡುಗರು.

ಬಿಗ್ ಟೆನ್‌ನ ಪೂರ್ವ–ಪಶ್ಚಿಮವನ್ನೇ ಅಳೆದು ನೋಡೋಣ. ಪ್ರತಿ ವರ್ಷ ಎರಡೂ ಪಾಲಿನ ಮೊದಲನೆಯವರು ಫೈನಲ್‌ನಲ್ಲಿ ಎದುರಾಗುತ್ತಿದ್ದರು. 2014ರಿಂದ 2023ರವರೆಗಿನ ಹತ್ತೂ ಫೈನಲ್ ಗೆದ್ದದ್ದು ಪೂರ್ವ. ಎಲ್ಲವೂ ಇಂಡಿಯಾನಾಪೊಲಿಸ್‌ನ ತಟಸ್ಥ ಅಂಗಳದಲ್ಲಿ ನಡೆದಿದ್ದರಿಂದ ತವರಿನ ತಿದ್ದುಪಡಿ ಬೇಕಿಲ್ಲ. ಅಂತರಗಳು ವರ್ಷವಾರು: 59, 3, 7, 6, 21, 13, 12, 39, 21, 26. ಕೂಡಿದರೆ 207, ಸರಾಸರಿ 20.7. 59 ಮತ್ತು 39ನ್ನು 28ಕ್ಕೆ ಇಳಿಸಿದರೆ ಸರಾಸರಿ 16.5. ಮಿತಿ ಹಾಕಿದ ಮೇಲೂ ಎರಡು ಟಚ್‌ಡೌನ್‌ಗಿಂತ ಹೆಚ್ಚು! ಪಶ್ಚಿಮದ ಮೊದಲನೆಯವರಿಗೂ ಪೂರ್ವದ ಮೊದಲನೆಯವರಿಗೂ ಅಜಗಜಾಂತರ ಎಂದು ಧೈರ್ಯವಾಗಿ ಹೇಳಬಹುದು.

ಹೇಳಬಹುದಾದದ್ದು ಅಷ್ಟೇ. ಫೈನಲ್‌ನಲ್ಲಿ ಆಡುವುದು ಏಳರಲ್ಲಿ ಒಂದು ತಂಡ. ಮಿಕ್ಕ ಆರರ ಬಗ್ಗೆ ಅದು ಏನೂ ಹೇಳದು. ಅವಕ್ಕಾಗಿ ಪೂರ್ವ–ಪಶ್ಚಿಮದ ನಡುವಿನ ಲೀಗ್ ಪಂದ್ಯಗಳನ್ನು ನೋಡಬೇಕು. 2016ರಿಂದ ತಂಡಕ್ಕೆ ಒಳಗಿನ 9 ಪಂದ್ಯಗಳಲ್ಲಿ 3 ಎದುರು ಪಾಳಯದ ಜೊತೆ, ಅಂದರೆ ಪೂರ್ಣ ವೇಳಾಪಟ್ಟಿಯ ವರ್ಷದಲ್ಲಿ 21 ಪಂದ್ಯ. ಇಲ್ಲೂ ಜೋಡಿ ಯಾರ್‍ಯಾರು ಎಂದು ಗಮನಿಸಿ. ಪೂರ್ವದ ಬಲಿಷ್ಠ ತಂಡ ಒಹಾಯೊ ಸ್ಟೇಟ್‌ಗೆ ಪಶ್ಚಿಮದ ಕೊನೆಯ ಮೂರು ತಂಡಗಳು ಎದುರಾದ ವರ್ಷ ಪೂರ್ವದ ಅಂತರ ಸುಮ್ಮನೇ ಹಿಗ್ಗುತ್ತದೆ. ಪ್ರತಿ ಪಂದ್ಯದ ಮುಂದೆ ಇಬ್ಬರ ಡಿವಿಷನ್ ಸ್ಥಾನ ಬರೆದು, ಎರಡೂ ಕಡೆಯ ಸ್ಥಾನಗಳ ಸರಾಸರಿ ಹತ್ತಿರಹತ್ತಿರ ಇದೆಯೇ ನೋಡಿ.

ಎಷ್ಟು ಪಂದ್ಯ ಇದ್ದರೆ ಸಾಕು?

ಚೆನ್ನಾಗಿ ಅಂದಾಜು ಮಾಡಿದ ಅಂತರಕ್ಕೂ ನಿಜವಾಗಿ ಬಂದ ಅಂತರಕ್ಕೂ ಒಂದು ಪಂದ್ಯದಲ್ಲಿ ಸುಮಾರು 16 ಅಂಕಗಳ ಮಾನಕ ವಿಚಲನೆ (ಅಂದಾಜಿನಿಂದ ಆಚೀಚೆ ಸರಿಯುವುದರ ಅಳತೆ) ಇರುತ್ತದೆ. ಹಲವು ಪಂದ್ಯಗಳ ಸರಾಸರಿಯಲ್ಲಿ ಈ ಅಲುಗಾಟ ಪಂದ್ಯಗಳ ಸಂಖ್ಯೆಯ ವರ್ಗಮೂಲದಷ್ಟು ತಗ್ಗುತ್ತದೆ. 21 ಪಂದ್ಯಕ್ಕೆ 16 ಭಾಗಿಸು 4.6, ಸುಮಾರು 3.5. ಅದರ ಎರಡರಷ್ಟು, 7 ಅಂಕ ದಾಟದ ವ್ಯತ್ಯಾಸವನ್ನು ನಂಬಬೇಡಿ. ಎರಡು ಕಾನ್ಫರೆನ್ಸ್‌ಗಳು ನೇರವಾಗಿ ನಾಲ್ಕೇ ಪಂದ್ಯ ಆಡಿದ್ದರೆ ಗಡಿ 16ಕ್ಕೆ ಏರುತ್ತದೆ. 3–1 ಎಂಬ ಫಲಿತಾಂಶದಿಂದ ಏನನ್ನೂ ಸಾಧಿಸಲಾಗದು. ತೊಂದರೆ ಏನೆಂದರೆ ಹೊರಗಿನ ಪಂದ್ಯಗಳು ಹೆಚ್ಚಾಗಿ ಸೆಪ್ಟೆಂಬರ್‌ನಲ್ಲೇ ಮುಗಿಯುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಯಾರು ಏನೇ ವಾದಿಸಿದರೂ ಹೊಸ ಸಾಕ್ಷ್ಯ ಹೆಚ್ಚು ಬಂದಿರುವುದಿಲ್ಲ. ರ‍್ಯಾಂಕಿಂಗ್‌ನಲ್ಲಿ ಇರುವವರನ್ನು ಎಷ್ಟು ಸಲ ಸೋಲಿಸಿದರು ಎಂಬ ಎಣಿಕೆಯನ್ನೂ ಈ ಕಾರಣಕ್ಕೇ ದೂರ ಇಡಿ: ಆಗಸ್ಟ್‌ನಲ್ಲಿ ಊಹಿಸಿ ಕೊಟ್ಟ ರ‍್ಯಾಂಕ್ ಒಂದೇ ಕೂಟದೊಳಗೆ ಕೈ ಬದಲಾಯಿಸುತ್ತಿರುತ್ತದೆ.

ಸರಾಸರಿಯೋ, ಮಧ್ಯಾಂಕವೋ?

ಪ್ರತಿ ತಂಡಕ್ಕೆ ರೇಟಿಂಗ್ (ಸಾಧಾರಣ ತಂಡಕ್ಕಿಂತ ಎಷ್ಟು ಅಂಕ ಮೇಲೆ ಅಥವಾ ಕೆಳಗೆ ಎಂಬ ಅಂದಾಜು) ಇದ್ದರೆ ಅದನ್ನು ಕೂಟದ ಒಂದೇ ಸಂಖ್ಯೆಗೆ ಇಳಿಸುವುದು ಹೇಗೆ ಎಂಬಲ್ಲಿ ನಿಜವಾದ ಸ್ವಾರಸ್ಯ ಇದೆ. ಏಳು ತಂಡಗಳ ಎರಡು ಡಿವಿಷನ್ ಊಹಿಸಿಕೊಳ್ಳಿ. ‘ಕ’ದ ರೇಟಿಂಗ್: 30, 26, 20, 5, 0, –2, –9. ‘ಖ’ದ್ದು: 14, 12, 11, 10, 8, 6, 2. ಸರಾಸರಿ ಹಿಡಿದರೆ ‘ಕ’ಗೆ 10, ‘ಖ’ಗೆ 9, ‘ಕ’ ಮುಂದೆ. ಮಧ್ಯಾಂಕ, ಅಂದರೆ ಸಾಲಿನ ನಟ್ಟನಡುವಿನ ಸಂಖ್ಯೆ, ಹಿಡಿದರೆ 5 ಮತ್ತು 10. ‘ಖ’ ಬಹಳ ಮುಂದೆ. ಮೂರನೆಯ ದಾರಿ, ನಡುವಿನ ತಂಡಕ್ಕೆ ಹೆಚ್ಚು ತೂಕ ಕೊಟ್ಟು ಎರಡೂ ತುದಿಗೆ ಇಳಿಸುತ್ತ ಹೋಗುವುದು: 1, 2, 3, 4, 3, 2, 1. ಗುಣಿಸಿ ಕೂಡಿ 16ರಿಂದ ಭಾಗಿಸಿದರೆ ಎರಡಕ್ಕೂ 9.3!

ಮೂರೂ ಲೆಕ್ಕ ಸರಿಯೇ. ಹಾಗಾಗಿ ಮೊದಲೇ ಕೇಳಿಕೊಳ್ಳಬೇಕಾದದ್ದು, ಯಾರಿಗೆ ಕಷ್ಟ ಎಂದು. 30 ರೇಟಿಂಗಿನ ಬಲಾಢ್ಯ ತಂಡಕ್ಕೆ ‘ಖ’ದಲ್ಲಿ 14ರವರೂ 2ರವರೂ ಹೆಚ್ಚುಕಮ್ಮಿ ಒಂದೇ, ಎಲ್ಲರನ್ನೂ ದಾಟಿಬಿಡುತ್ತದೆ, ಅದಕ್ಕೆ ಭಯ ‘ಕ’ದ ಮೇಲಿನ ಮೂವರದ್ದು. 10 ರೇಟಿಂಗಿನ ತಂಡಕ್ಕೆ ‘ಕ’ದಲ್ಲಿ ಮೂರು ಸೋಲು, ನಾಲ್ಕು ಗೆಲುವು ಬಹುತೇಕ ಬರೆದಿಟ್ಟದ್ದು, ‘ಖ’ದಲ್ಲಿ ಪ್ರತಿ ಶನಿವಾರವೂ ಪರದಾಟ. ಪ್ಲೇಆಫ್ ಅರ್ಹತೆಯ ಚರ್ಚೆಯಾದರೆ ಮೇಲ್ತುದಿ ನೋಡಿ, ಇಡೀ ಕೂಟದ ಗುಣಮಟ್ಟದ ಚರ್ಚೆಯಾದರೆ ನಡುಭಾಗ. ಎಸ್‌ಇಸಿ 2006ರಿಂದ 2012ರವರೆಗೆ ಸತತ ಏಳು ರಾಷ್ಟ್ರೀಯ ಪಟ್ಟ ಗೆದ್ದದ್ದು ಮೇಲ್ತುದಿಯ ಬಲಕ್ಕೆ ದೊಡ್ಡ ಸಾಕ್ಷಿ, ಆ ಕೂಟದ ಎಂಟನೆಯ ತಂಡಕ್ಕೆ ಅದರಿಂದ ಅಂಕ ಸಲ್ಲುವುದಿಲ್ಲ.

ಬೌಲ್ ಪಂದ್ಯಗಳನ್ನು ಕೊನೆಗೆ ಸೇರಿಸಿ

ಡಿಸೆಂಬರ್‌ನ ಬೌಲ್ ಪಂದ್ಯಗಳು (ಲೀಗ್ ಹಂತ ಮುಗಿದ ಮೇಲೆ ಆಡುವ ವಿಶೇಷ ಪಂದ್ಯಗಳು) ಕಾನ್ಫರೆನ್ಸ್‌ಗಳ ನೇರ ಮುಖಾಮುಖಿ ಆಗಿರುವುದರಿಂದ ಆಸೆ ಹುಟ್ಟುತ್ತದೆ. ಒಪ್ಪಂದದ ಪ್ರಕಾರ ಜೋಡಿ ಕೂಡಿಸುವುದರಿಂದ ಒಂದು ಕೂಟದ ಎರಡನೆಯವರಿಗೆ ಇನ್ನೊಂದರ ಐದನೆಯವರು ಸಿಗುವುದುಂಟು, ಸ್ಥಾನ ಬರೆದುಕೊಳ್ಳಿ. ಅದಕ್ಕಿಂತ ದೊಡ್ಡ ತೊಡಕು ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಆಯ್ಕೆಗೆ ಕಾದಿರುವವರು, ಬೇರೆ ಕಾಲೇಜಿಗೆ ಹೊರಟವರು ಆಡದೆ ಉಳಿಯುವುದು. 2023ರ ಡಿಸೆಂಬರ್ 30ರ ಆರೆಂಜ್ ಬೌಲ್‌ನಲ್ಲಿ ಅದುವರೆಗೆ 13–0 ಇದ್ದ ಫ್ಲೋರಿಡಾ ಸ್ಟೇಟ್ ತಂಡ ಎಸ್‌ಇಸಿಯ ಜಾರ್ಜಿಯಾಗೆ 63–3ರಿಂದ ಸೋತಿತು. ಫ್ಲೋರಿಡಾ ಸ್ಟೇಟ್‌ನ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಕಣಕ್ಕೇ ಇಳಿದಿರಲಿಲ್ಲ. ಆ 60 ಅಂಕವನ್ನು ಎಸ್‌ಇಸಿಯ ಖಾತೆಗೆ ಹಾಗೇ ಜಮಾ ಮಾಡಿದರೆ ಲೆಕ್ಕ ಕೆಟ್ಟಿತು. ಬೌಲ್‌ಗೆ ಬೇರೆ ಕಾಲಂ ಇಡಿ, ಪಂದ್ಯದ ದಿನದ ಆಟಗಾರರ ಪಟ್ಟಿಯನ್ನು ನವೆಂಬರ್ ಕೊನೆಯ ಪಂದ್ಯದ ಪಟ್ಟಿಯ ಪಕ್ಕ ಇಟ್ಟು ನೋಡಿ. ದಾಳಿ ನಡೆಸುವ ಮುಖ್ಯ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಬದಲಾಗಿದ್ದರೆ ಆ ಸಾಲನ್ನು ಹಾಳೆಯಿಂದ ತೆಗೆದುಬಿಡಿ.